ಕೆಳಗಿನ ಅರ್ಧ ಪುಟ

ಲೋವರ್ ಹಟ್
17 ಜೂನ್ 2014

ಶ್ರೀಪಾದಣ್ಣ,

ನಿಮ್ಮ ಕ್ಷೇಮ ಕೇಳುವ ಮನಸ್ಸು ನನಗಿಲ್ಲ, ನನ್ನ ಕ್ಷೇಮ ನಿಮಗೆ ಬೇಕಾಗಿಲ್ಲ. ಆ ಎರಡು ಸಾಲು ಉಳಿಯಿತು. ಫೋನು ಮಾಡಿದರೆ ಎತ್ತುವುದಿಲ್ಲ, ಇಮೇಲ್ ಮಾಡಿದರೆ ನೋಡಿಲ್ಲ ಎನ್ನುತ್ತೀರಿ. ಅದಕ್ಕೇ ಕಾಗದ. ಇದನ್ನು ಸಹಿ ಹಾಕಿಯೇ ತೆಗೆದುಕೊಳ್ಳಬೇಕು. ತಲುಪಿಲ್ಲ ಅನ್ನುವ ದಾರಿ ಇಲ್ಲ.

ನಿನ್ನೆ ಬೆಳಿಗ್ಗೆ ಹತ್ತಕ್ಕೆ ನೆದಿಮ್ ಸೊಫ್ತಿಚ್ ಮನೆಯಲ್ಲಿದ್ದೆ. ಬ್ರೆಜಿಲ್‌ನಲ್ಲಿ ಅವನ ದೇಶ ಬೋಸ್ನಿಯಾದ ಮೊಟ್ಟಮೊದಲ ವಿಶ್ವಕಪ್ ಫುಟ್‌ಬಾಲ್ ಪಂದ್ಯ. ಅವನ ಹೆಂಡತಿ ಸೆಲ್ಮಾ ಟೀವಿಯ ಪಕ್ಕದ ಗೋಡೆಗೆ ನೀಲಿ ಹಳದಿ ಬಾವುಟ ಕಟ್ಟಿದ್ದಳು. ಅವನು ಸೋಫಾದ ಮೇಲೆ ಎಡಗಾಲು ಚಾಚಿ, ಮೊಣಕಾಲಿನ ಕೆಳಗೆ ಎರಡು ದಿಂಬು ಇಟ್ಟುಕೊಂಡು ಕೂತಿದ್ದ. ರಾಷ್ಟ್ರಗೀತೆ ಶುರುವಾದಾಗ ಎದ್ದು ನಿಲ್ಲಲು ಹೋದ. ಊರುಗೋಲು ಸಿಕ್ಕಿ, ಕಾಲು ನೆಲಕ್ಕಿಟ್ಟು, ಮೈ ಎತ್ತುವಷ್ಟರಲ್ಲಿ ಗೀತೆ ಮುಗಿದೇ ಹೋಯಿತು. ಹಾಗೇ ಮತ್ತೆ ಕೂತ. ಸೆಲ್ಮಾ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ಬಿಟ್ಟಳು, ಅಳುವುದು ನಮಗೆ ಕೇಳಿಸಬಾರದೆಂದು. ನನಗೆ ಮೈಯೆಲ್ಲ ಉರಿದುಹೋಯಿತು.

ಮಾರ್ಚ್ 22ರ ನಮ್ಮ ಕ್ಲಬ್ಬಿನ ಸೆಮಿಫೈನಲ್ ನಿಮಗೆ ಮರೆತಿರಲಾರದು. ಅರವತ್ತಮೂರನೇ ನಿಮಿಷ. ಅವನ ಹತ್ತಿರ ಯಾರೂ ಇರಲಿಲ್ಲ, ಯಾರೂ ಮುಟ್ಟಲಿಲ್ಲ. ಚೆಂಡು ಹಿಡಿದು ತಿರುಗಿದ. ಮೈ ತಿರುಗಿತು, ಕಾಲು ಅಲ್ಲೇ ನಿಂತಿತು. ಬೆಂಚಿನ ಮೇಲೆ ಅಕ್ಕಪಕ್ಕ ಕೂತಿದ್ದ ನಮ್ಮಿಬ್ಬರಿಗೂ ಆ ಸದ್ದು ಕೇಳಿಸಿತು. ನೀವು ನನ್ನ ಮುಖ ನೋಡಲಿಲ್ಲ. ಆವಾಗಲೇ ನನಗೆ ಬುದ್ಧಿ ಬರಬೇಕಿತ್ತು.

ಹತ್ತು ದಿನಕ್ಕೆ ಕ್ಲಬ್ಬಿನ ಕಂಪ್ಯೂಟರಿನಲ್ಲಿ ನಿಮ್ಮ ಟಿಪ್ಪಣಿ ಬಂತು. ಸಣ್ಣ ಉಳುಕು, ಫಿಸಿಯೋ ಪರೀಕ್ಷಿಸಿ ಆಡಬಹುದು ಎಂದಿದ್ದಾರೆ, ಅಂತ. ಕ್ಲಬ್ಬಿನ ಡಾಕ್ಟರಾದ ನೀವು ಕೈ ತೊಳೆದುಕೊಂಡಿರಿ, ಗೂಬೆಯನ್ನು ನನ್ನ ತಲೆಯ ಮೇಲೆ ಕೂರಿಸಿದಿರಿ. ನಮ್ಮ ಕ್ಲಬ್ ಹಟ್ ರೋವರ್ಸ್‌ನವರು ನನ್ನನ್ನು ಕೆಲಸದಿಂದ ತೆಗೆದರು. ಫಿಸಿಯೋ ಮಂಡಳಿಯ ವಿಚಾರಣೆ ಮುಗಿಯುವವರೆಗೆ ನನ್ನ ಪರವಾನಗಿಗೂ ತಡೆ. ಧಾರವಾಡದಲ್ಲಿ ನಾಲ್ಕೂವರೆ ವರ್ಷ ಫಿಸಿಯೋಥೆರಪಿ ಓದಿ, ಇಲ್ಲಿ ಮತ್ತೆ ಪರೀಕ್ಷೆ ಬರೆದು ಫಿಸಿಯೋ ಆದವಳು ಈಗ ವೃದ್ಧಾಶ್ರಮದಲ್ಲಿ ಅಜ್ಜಂದಿರಿಗೆ ಕಾಲುಚೀಲ ಹಾಕುತ್ತಿದ್ದೇನೆ. ನೀವು ಆಕ್ಲೆಂಡಿನ ದೊಡ್ಡ ಕ್ರೀಡಾ ಕ್ಲಿನಿಕ್ಕಿಗೆ ಹಾರಿದಿರಿ.

ಈಗ ಗಟ್ಟಿಯಾಗಿ ಕುರ್ಚಿ ಹಿಡಿದುಕೊಳ್ಳಿ. ನೀಲಿ ರಟ್ಟಿನ ನೋಟ್‌ಬುಕ್ ನನ್ನ ಹತ್ತಿರ ಇದೆ.

ಯಾವುದು ಎಂದು ಕೇಳಬೇಡಿ. "ಈ ರೂಮಲ್ಲಿ ಎಲ್ಲಾರೂ ಎಲ್ಲಾದಕ್ಕೂ ಮೂಗು ತೂರಿಸ್ತಾರೆ ಕಣಮ್ಮ. ಆಟಗಾರರ ನಿಜವಾದ ಸ್ಥಿತಿ ನಾವು ಕನ್ನಡದಲ್ಲಿ ಬರ್ಕೊಳ್ಳೋಣ, ಯಾರಪ್ಪಂಗೂ ತಿಳಿಯಲ್ಲ" ಎಂದು ನೀವೇ ಶುರು ಮಾಡಿದ್ದು. ಎರಡು ವರ್ಷ ಬರೆದೆವು. ಕಂಪ್ಯೂಟರಿನಲ್ಲಿ ಇಂಗ್ಲಿಷಿನ ಸುಳ್ಳು, ಡ್ರಾಯರಿನಲ್ಲಿ ಕನ್ನಡದ ನಿಜ. ಕ್ಲಬ್ಬಿನವರು ಕಸದ ಜೊತೆ ಎಸೆದರು ಅಂದುಕೊಂಡಿದ್ದೀರಿ. ನನ್ನನ್ನು ಹೊರಹಾಕಿದ ದಿನ ಆಟಗಾರರ ಕಾಲಿಗೆ ಸುತ್ತುವ ಟೇಪಿನ ಡಬ್ಬಿಯ ಕೆಳಗಿಟ್ಟು ಮನೆಗೆ ತಂದೆ.

ಮಾರ್ಚ್ 20ರ ಪುಟದಲ್ಲಿ ನಿಮ್ಮ ಕೈಬರಹವಿದೆ. ಬರುವ ಫೆಬ್ರವರಿಯಲ್ಲಿ ನನ್ನ ವಿಚಾರಣೆ. ಅದರೊಳಗೆ ನೀವೇ ಕಾಗದ ಹಾಕಿ, ಅವನನ್ನು ಆಡಿಸಿದ್ದು ನಾನು, ಚಂದ್ರಿಕಾ ಅಲ್ಲ ಎಂದು ಬರೆದುಕೊಡಬೇಕು. ಇಲ್ಲದಿದ್ದರೆ ನಿಮಗೆ ನೀರು ಕುಡಿಸದೆ ಬಿಡುವುದಿಲ್ಲ.

ಒಂದು ಕಾಲದ ತಂಗಿ,
ಚಂದ್ರಿಕಾ

*

ಆಕ್ಲೆಂಡ್
29 ಜೂನ್ 2014

ಪ್ರಿಯ ಚಂದ್ರಿಕಾ,

ನಿನ್ನ ಕಾಗದ ಓದಿ ನಿನ್ನ ಅತ್ತಿಗೆ ವಿಜಯಶ್ರೀ ಅತ್ತಳು. ಊರಿಂದ ಬಂದ ಹೊಸದರಲ್ಲಿ ಆರು ವಾರ ನಮ್ಮ ಮನೆಯಲ್ಲಿದ್ದವಳು ನೀನು. ಅವಳ ಕೈಯಡುಗೆ ತಿಂದ ಹುಡುಗಿ ಹೀಗೆ ಬರೆಯುತ್ತಾಳೆ ಎಂದು ಅವಳಿಗೆ ನಂಬಲು ಆಗಲಿಲ್ಲ. ನನಗೆ ಸಿಟ್ಟು ಬಂದಿಲ್ಲ. ನಿನ್ನ ಸ್ಥಿತಿ ನನಗೆ ಅರ್ಥವಾಗುತ್ತದೆ.

ಕ್ರೀಡೆಯಲ್ಲಿ ಪೆಟ್ಟು ಬೀಳುತ್ತದೆ. ನೆದಿಮ್ ಒಳ್ಳೆಯ ಆಟಗಾರ, ಆದರೆ ನಿಜ ಹೇಳಬೇಕೆಂದರೆ ಅವನ ಆಟ ಇಳಿಮುಖವಾಗಿತ್ತು. ಈ ದೇಶಕ್ಕೆ ಬಂದು ಆಡುವ ಇಪ್ಪತ್ತೇಳರ ಯುರೋಪಿನವನಿಗೆ ಮುಂದೆ ಇನ್ನೆಷ್ಟು ವರ್ಷ ಇರುತ್ತದೆ? ಆ ಮೊಣಕಾಲು ಇವತ್ತಲ್ಲ ನಾಳೆ ಹೋಗುವುದೇ. ನಾವಿಬ್ಬರೂ ಅದಕ್ಕಾಗಿ ಒಬ್ಬರನ್ನೊಬ್ಬರು ಕಚ್ಚಾಡುವುದರಲ್ಲಿ ಅರ್ಥವಿಲ್ಲ.

ಇಲ್ಲಿ ನನ್ನ ಪರಿಚಯದ ಕ್ಲಿನಿಕ್ಕಿನಲ್ಲಿ ರಿಸೆಪ್ಷನ್ ನೋಡಿಕೊಳ್ಳುವ ಕೆಲಸ ಖಾಲಿ ಇದೆ. ಪರವಾನಗಿ ಬೇಕಾಗಿಲ್ಲ. ಒಂದು ಮಾತು ಹೇಳಿದರೆ ಆಗುತ್ತದೆ. ಬಾ, ಹೊಸದಾಗಿ ಶುರು ಮಾಡು. ವಿಚಾರಣೆಯಲ್ಲಿ ಪರೀಕ್ಷೆಯಲ್ಲಿ ತಪ್ಪಿದೆ, ಇನ್ನು ಎಚ್ಚರದಿಂದಿರುತ್ತೇನೆ ಎಂದುಬಿಡು. ಎಚ್ಚರಿಕೆ ಕೊಟ್ಟು ಕೈಬಿಡುತ್ತಾರೆ. ಹಳೆಯದನ್ನು ಕೆದಕಿದರೆ ಇಬ್ಬರ ಮೈಗೂ ಕೆಸರು.

ನಿನ್ನ ಅಣ್ಣ,
ಶ್ರೀಪಾದ

*

ಲೋವರ್ ಹಟ್
8 ಜುಲೈ 2014

ಡಾಕ್ಟರ್ ಸಾಹೇಬರೇ,

ಅಣ್ಣ ಅನ್ನುವುದು ಇವತ್ತಿಗೆ ಮುಗಿಯಿತು. ನಿಮ್ಮ ಕಾಗದ ಓದಿ ನಾನು ಅಳಲಿಲ್ಲ, ಹಲ್ಲು ಕಡಿದೆ. ಫಿಸಿಯೋ ಆದವಳಿಗೆ ಫೋನು ಎತ್ತುವ ಕೆಲಸ! ಮೂಗಿಗೆ ತುಪ್ಪ ಸವರುವುದಾದರೂ ಸರಿಯಾಗಿ ಸವರಿ.

ಇಳಿಮುಖವಾಗಿತ್ತಂತೆ ಅವನ ಆಟ. ಎರಡು ವರ್ಷ ಅವನ ಕಾಲು ನನ್ನ ಮಡಿಲಲ್ಲಿತ್ತು, ಕಾಲು ಸಡಿಲಾಗುವವರೆಗೆ ಅವನು ಕಥೆ ಹೇಳುತ್ತಿದ್ದ. ನೀವು ಬಾಗಿಲಲ್ಲಿ ತಲೆ ತೂರಿಸಿ ಹೋಗುತ್ತಿದ್ದಿರಿ. ಅದಕ್ಕೇ ನಿಮಗೆ ಗೊತ್ತಿಲ್ಲದ್ದನ್ನು ಹೇಳುತ್ತೇನೆ. ಅವನು ಝೆನಿತ್ಸಾ ಎಂಬ ಉಕ್ಕಿನ ಕಾರ್ಖಾನೆಯ ಊರಿನವ. ಯುದ್ಧ ಮುಗಿದಾಗ ಎಂಟು ವರ್ಷ. ಮೈದಾನದಲ್ಲಿ ನೆಲಬಾಂಬು ಹುಗಿದಿರಬಹುದೆಂದು ಮಕ್ಕಳನ್ನು ಹುಲ್ಲಿನ ಮೇಲೆ ಬಿಡುತ್ತಿರಲಿಲ್ಲವಂತೆ, ಕಾರ್ಖಾನೆಯ ಹಿಂದಿನ ಸಿಮೆಂಟಿನ ಮೇಲೇ ಆಟ. ಸಿಮೆಂಟಿನ ಮೇಲೆ ಬಿದ್ದರೆ ಚರ್ಮ ಹೋಗುತ್ತದೆ, ಅದಕ್ಕೆ ಬೀಳದಂತೆ ತಿರುಗುವುದನ್ನು ಕಲಿತ. ಆ ತಿರುವೇ ಅವನ ಬಂಡವಾಳ. ಹದಿನೆಂಟಕ್ಕೆ ಊರಿನ ಕ್ಲಬ್ಬಿನಲ್ಲಿ ಎಂಟನೇ ನಂಬರಿನ ಅಂಗಿ ಸಿಕ್ಕಿತು. ಗೋಲು ಹೊಡೆಯುವವ ಅವನಲ್ಲ, ಹೊಡೆಸುವವ. ಮೈದಾನದ ನಡುವೆ ನಿಂತು, ಹಿಂದಿನವರಿಂದ ತೆಗೆದುಕೊಂಡು ಮುಂದಿನವರಿಗೆ ಕೊಡುವವ. ಆಮೇಲೆ ಸ್ಲೊವೇನಿಯಾ, ಎರಡು ವರ್ಷ. ತುರ್ಕಿಯಲ್ಲಿ ಎರಡನೇ ದರ್ಜೆಯ ತಂಡ, ಅದು ದಿವಾಳಿಯಾಯಿತು. ಮಲೇಷ್ಯಾದಲ್ಲಿ ಒಂದು ಋತು, ಡೆಂಗ್ಯೂ ಜ್ವರ. ಅಲ್ಲಿಂದ ಇಲ್ಲಿಗೆ. ಒಂಬತ್ತು ವರ್ಷ, ಐದು ದೇಶ, ಯಾವ ತಂಡದಲ್ಲೂ ಅವನ ಕಾಲಿಗೆ ಒಂದು ಹೊಲಿಗೆ ಬಿದ್ದಿರಲಿಲ್ಲ. ಬಿದ್ದದ್ದು ನಮ್ಮ ಕೈಗೆ ಬಂದ ಮೇಲೆ.

ಆ ಸೆಮಿಫೈನಲ್‌ಗೆ ಆಸ್ಟ್ರೇಲಿಯಾದ ಕ್ಲಬ್ಬಿನವನು ಅವನನ್ನು ನೋಡಲೆಂದೇ ವಿಮಾನ ಹತ್ತಿ ಬಂದಿದ್ದ. ಮೊಣಕಾಲಿನ ನಿಜ ಮೊದಲೇ ತಿಳಿದಿದ್ದರೆ ನೆದಿಮ್ ಆಪರೇಶನ್ ಮಾಡಿಸಿಕೊಂಡು ಒಂಬತ್ತು ತಿಂಗಳಲ್ಲಿ ವಾಪಸು ಬರುತ್ತಿದ್ದ. ಲಿಗಮೆಂಟು ಮಾತ್ರ ಹೋಗಿದ್ದರೆ ವಾಸಿಯಾಗುವವರೆಗೆ ಕಾಯುತ್ತೇನೆ ಎಂದು ಆ ಮನುಷ್ಯ ಆಟ ಮುಗಿದ ಮೇಲೆ ಸೆಲ್ಮಾಗೆ ಹೇಳಿ ಹೋದನಂತೆ. ಈಗ ಕೀಲಿನ ಎಲುಬುಗಳ ನಡುವಿನ ಮೆತ್ತನೆಯ ಗಾದಿಯೇ ಹರಿದು ಚೂರಾಗಿದೆ. ಕಳೆದ ಗುರುವಾರ ಸರ್ಜನ್ ಹೇಳಿಬಿಟ್ಟರು, ಇನ್ನು ಆಡುವಂತಿಲ್ಲ. ಇಪ್ಪತ್ತೇಳಕ್ಕೆ.

ಇದರ ಜೊತೆ ಆ ಪುಟದ ಝೆರಾಕ್ಸ್ ಇಟ್ಟಿದ್ದೇನೆ. ಕನ್ನಡಕ ಹಾಕಿಕೊಂಡು ಓದಿ. "ಸ್ಕ್ಯಾನ್ ನೋಡ್ದೆ. ಲಿಗಮೆಂಟು ಅರ್ಧಕ್ಕಿಂತ ಜಾಸ್ತಿ ಹರಿದಿದೆ. ಶನಿವಾರ ಆಡಲೇಬೇಕಂತೆ. ಆಟಕ್ಕೆ ಮುಂಚೆ ಇಂಜೆಕ್ಷನ್ ಕೊಡ್ತೀನಿ, ನೋವು ಗೊತ್ತಾಗಲ್ಲ. ಅವನಿಗೆ ಬರೀ ಉಳುಕು ಅಂತ ಹೇಳು. ಶ್ರೀ." ನಿಮ್ಮ ಗೆಳೆಯನ ಕ್ಲಿನಿಕ್ಕಿನಲ್ಲಿ ತೆಗೆಸಿದ ಆ ಸ್ಕ್ಯಾನ್ ಕ್ಲಬ್ಬಿನ ಕಡತದಲ್ಲೇ ಇಲ್ಲ. ಇದೊಂದು ಪುಟದಲ್ಲಿ ಮಾತ್ರ ಇದೆ. ವೆಲ್ಲಿಂಗ್ಟನ್ನಿನಲ್ಲಿ ಕನ್ನಡ ಓದುವವರು ಬೇಕಾದಷ್ಟು ಜನ ಇದ್ದಾರೆ ಸಾಹೇಬರೇ. ಇಂಗ್ಲಿಷಿಗೆ ಮಾಡಿಸಿ ವಿಚಾರಣೆಯವರ ಮೇಜಿನ ಮೇಲೆ ಇಡುವುದು ಒಂದು ಮಧ್ಯಾಹ್ನದ ಕೆಲಸ.

ಚಂದ್ರಿಕಾ

*

ಆಕ್ಲೆಂಡ್
20 ಜುಲೈ 2014

ಚಂದ್ರಿಕಾ,

ಝೆರಾಕ್ಸ್ ತಲುಪಿತು. ಮೇಲಿನ ಅರ್ಧ ಮಾತ್ರ ಬಂದಿದೆ. ಕೆಳಗಿನ ಅರ್ಧದ ಮೇಲೆ ಬಿಳಿ ಹಾಳೆ ಮುಚ್ಚಿ ತೆಗೆದಿದ್ದೀಯ. ಹಾಳೆಯ ಅಂಚಿನ ಗೆರೆ ಕೂಡ ಕಾಣುತ್ತಿದೆ.

ನಾನು ಬರೆದದ್ದರ ಕೆಳಗೆ ಹಸಿರು ಇಂಕಿನಲ್ಲಿ ಯಾರ ಅಕ್ಷರ ಇದೆ? ಅವನಿಗೆ ಬರೀ ಉಳುಕು ಎಂದು ನಾನು ಹೇಳಿದ್ದು ನಿಜ. ಅದಕ್ಕೆ ನೀನು ಕೊಟ್ಟ ಉತ್ತರ ನನಗೆ ಬಾಯಿಪಾಠವಿದೆ. ಬರೆಯಲೇ? ಬೇಡ, ನಿನ್ನ ಹತ್ತಿರವೇ ಇದೆಯಲ್ಲ, ಹಾಳೆ ಸರಿಸಿ ಓದಿಕೋ.

ಮೇಜಿನ ಮೇಲೆ ಇಡುವುದಾದರೆ ಪೂರ್ತಿ ಪುಟ ಇಡು. ಆವಾಗ ಈಗಿನಂತೆ ತಾತ್ಕಾಲಿಕ ತಡೆ ಇರುವುದಿಲ್ಲ, ಈ ದೇಶದಲ್ಲಿ ನೀನು ಇನ್ನೊಬ್ಬರ ಮೈ ಮುಟ್ಟುವಂತೆಯೇ ಇರುವುದಿಲ್ಲ. ನಾನು ವಯಸ್ಸಾದವನು, ಹೇಗೋ ದಾಟುತ್ತೇನೆ. ನೀನು ಯೋಚಿಸು.

ಶ್ರೀಪಾದ

*

ಲೋವರ್ ಹಟ್
2 ಅಕ್ಟೋಬರ್ 2014

ಡಾಕ್ಟರೇ,

ಎರಡು ತಿಂಗಳು ಸುಮ್ಮನಿದ್ದೆ. ಹೆದರಿದಳು ಎಂದುಕೊಂಡಿರಿ. ಹೌದು, ಹೆದರಿದೆ.

ಆ ಹಸಿರು ಅಕ್ಷರ ನನ್ನದೇ. ನಿಮಗೆ ಬರೆಯುವಾಗ, ವಿಚಾರಣೆಯವರಿಗೆ ಬರೆಯುವಾಗ, ಕಡೆಗೆ ನನ್ನಷ್ಟಕ್ಕೆ ನಾನು ಯೋಚಿಸುವಾಗಲೂ ಅದರ ಮೇಲೆ ಕೈ ಅಡ್ಡ ಇಟ್ಟುಕೊಂಡೇ ಇದ್ದೆ. ಈಗ ನಿಮಗೊಬ್ಬರಿಗೆ ಒಪ್ಪಿಕೊಳ್ಳುತ್ತೇನೆ. ಮಾರ್ಚ್ 20ರ ಆ ಗುರುವಾರ ಸಂಜೆ ಕ್ಲಬ್ಬಿನ ಮ್ಯಾನೇಜರ್ ನನ್ನನ್ನು ಕರೆದು, ತಂಡ ಫೈನಲ್ ಮುಟ್ಟಿದರೆ ಮುಂದಿನ ವರ್ಷದಿಂದ ನೀನು ಪೂರ್ಣಾವಧಿ ಫಿಸಿಯೋ ಎಂದಿದ್ದ. ನಿಮಗದು ಗೊತ್ತಿತ್ತು. ನನ್ನ ಹೆಸರು ಬರೆದ ಬಾಗಿಲಿನ ಆಸೆ ನನಗೆ. ಆ ಆಸೆಯಲ್ಲೇ ಪೆನ್ನು ಎತ್ತಿದೆ.

ಆದರೂ ನಿಮ್ಮ ಮೇಲಿನ ಸಿಟ್ಟು ಒಂದು ಗುಲಗಂಜಿಯಷ್ಟೂ ಇಳಿದಿಲ್ಲ. ಇಬ್ಬರೂ ಸೇರಿ ಮಾಡಿದ್ದನ್ನು ನನ್ನೊಬ್ಬಳದು ಮಾಡಿ ಹೋದಿರಲ್ಲ, ಅದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ.

ನೆದಿಮ್ ಈಗ ಊರುಗೋಲು ಬಿಟ್ಟಿದ್ದಾನೆ. ಮರದ ಗೋದಾಮಿನಲ್ಲಿ ಲೆಕ್ಕ ಬರೆಯುವ ಕೆಲಸ, ಇಡೀ ದಿನ ಸ್ಟೂಲಿನ ಮೇಲೆ. ಮಂಡಿಯೂರಲು ಆಗುವುದಿಲ್ಲವೆಂದು ಕುರ್ಚಿಯ ಮೇಲೆ ಕೂತು ನಮಾಜು ಮಾಡುತ್ತಾನೆ. ಪ್ರತಿ ಶನಿವಾರ ಇಬ್ಬರೂ ನನ್ನ ಫ್ಲಾಟಿಗೆ ಬರುತ್ತಾರೆ. ಸೆಲ್ಮಾ ಪಾಲಕ್ ತುಂಬಿ ಸುರುಳಿ ಸುತ್ತಿದ ರೊಟ್ಟಿ ತರುತ್ತಾಳೆ. ಅವನು ನನ್ನ ಕಡೆ ಬೆರಳು ತೋರಿಸಿ, "ನನಗೂ ಇವಳಿಗೂ ಒಂದೇ ದಿನ ಕೆಂಪು ಕಾರ್ಡ್ ತೋರಿಸಿ ಹೊರಹಾಕಿದರು. ಆ ಕ್ಲಬ್ಬಿನಲ್ಲಿ ನನ್ನ ಹತ್ತಿರ ನಿಜ ಮಾತಾಡಿದ್ದು ಇವಳೊಬ್ಬಳೇ" ಎನ್ನುತ್ತಾನೆ. ವಿಚಾರಣೆಗೆ ಬಂದು ನನ್ನ ಪರ ಸಾಕ್ಷಿ ಹೇಳುತ್ತಾನಂತೆ. ಆ ರೊಟ್ಟಿಯ ಒಂದು ಚೂರು ಮುರಿದು ತಟ್ಟೆಯಲ್ಲೇ ಇಡುತ್ತೇನೆ. ಅವರು ಹೋದ ಮೇಲೆ ಉಳಿದದ್ದನ್ನು ಕಸಕ್ಕೆ ಹಾಕುತ್ತೇನೆ.

ಅದಕ್ಕೂ ಸೇರಿಸಿ ನಿಮ್ಮನ್ನು ಬಿಡುವುದಿಲ್ಲ. ಹೇಗೆ ಎಂದು ಇನ್ನೂ ಗೊತ್ತಿಲ್ಲ, ಅಷ್ಟೇ.

ಚಂದ್ರಿಕಾ

*

ಆಕ್ಲೆಂಡ್
14 ಅಕ್ಟೋಬರ್ 2014

ಪ್ರಿಯ ತಂಗಿ,

ನಿನ್ನ ಕಾಗದ ಓದಿ ಮನಸ್ಸು ಹಗುರಾಯಿತು. ಒಪ್ಪಿಕೊಂಡೆಯಲ್ಲ, ಅಷ್ಟು ಸಾಕು. ಮನುಷ್ಯರು ನಾವು, ಒತ್ತಡದಲ್ಲಿ ಏನೋ ಬರೆಯುತ್ತೇವೆ. ಅವನೇ ನಿನ್ನ ಪರ ಸಾಕ್ಷಿ ಹೇಳುತ್ತಾನೆಂದರೆ ನಿನ್ನ ಪರವಾನಗಿ ಕೈಗೆ ಬಂತೆಂದೇ ತಿಳಿ. ಸುಮ್ಮನೆ ಹೇಳಲು ಬಿಡು. ಆ ನೋಟ್‌ಬುಕ್ ಇನ್ನು ಯಾರಿಗೂ ಬೇಕಾಗಿಲ್ಲ. ಹರಿದು ಹಾಕು, ಇಲ್ಲವೆ ಸುಟ್ಟುಬಿಡು. ಸುಟ್ಟೆ ಎಂದು ನನಗೊಂದು ಸಾಲು ಬರೆ.

ಸಂತೋಷದ ಸುದ್ದಿ ಇದೆ. ಮುಂದಿನ ವರ್ಷ ಕಿರಿಯರ ಆಯ್ಕೆ ತಂಡವೊಂದರ ಜೊತೆ ಡಾಕ್ಟರಾಗಿ ಪ್ರವಾಸ ಹೋಗುವ ಅವಕಾಶ ಬಂದಿದೆ. ಹದಿನೇಳು ವರ್ಷದ ಮಕ್ಕಳು. ನಮ್ಮ ಕನ್ನಡ ಸಂಘದವರಿಗೆ ಹೇಗೋ ತಿಳಿದು ನವೆಂಬರ್ ಒಂದರಂದು ರಾಜ್ಯೋತ್ಸವದಲ್ಲಿ ಸನ್ಮಾನ ಇಟ್ಟುಕೊಂಡಿದ್ದಾರೆ. ಬೇಡವೆಂದರೂ ಅಧ್ಯಕ್ಷ ಬದರಿನಾಥ್ ಕೇಳಲಿಲ್ಲ. ನೀನೂ ಬಾ. ವಿಜಯಶ್ರೀ ನಿನಗೆಂದು ಚಕ್ಕುಲಿ ಕಳಿಸಿದ್ದಾಳೆ, ಪೊಟ್ಟಣ ಬಂದಿರಬೇಕು. ಮುಂಗಡವಾಗಿ ದೀಪಾವಳಿ ಶುಭಾಶಯ.

ನಿನ್ನ ಅಣ್ಣ,
ಶ್ರೀಪಾದ

*

ಲೋವರ್ ಹಟ್
4 ನವೆಂಬರ್ 2014

ಡಾಕ್ಟರೇ,

ಹದಿನೇಳು ವರ್ಷದ ಮಕ್ಕಳು ಎಂದು ಓದಿದಾಗಲೇ ವಿಮಾನದ ಟಿಕೆಟ್ ತೆಗೆಸಿದೆ. ಆ ಮಕ್ಕಳಿಗೂ ನೀವು ಉಳುಕು ಎನ್ನುತ್ತೀರಿ.

ರಾಜ್ಯೋತ್ಸವದಂದು ಏನಾಯಿತೆಂದು ನಿಮಗೆ ಗೊತ್ತು. ನಿಮಗೆ ಕಂಡದ್ದು ಬೇರೆ, ಆದದ್ದು ಬೇರೆ. ಅದಕ್ಕೇ ಬರೆಯುತ್ತಿದ್ದೇನೆ. ಕೂತಲ್ಲಿಂದ ಎಣಿಸಿದೆ, ಮುನ್ನೂರು ಕುರ್ಚಿ ತುಂಬಿತ್ತು. ನಮ್ಮ ನೋಟ್‌ಬುಕ್ಕಿನ ಗುಟ್ಟು ಈ ದೇಶದ ಯಾವ ಮೂಲೆಯಲ್ಲೂ ಉಳಿಯಬಹುದು, ಆ ಸಭಾಂಗಣದಲ್ಲಿ ಮಾತ್ರ ಉಳಿಯದು. ಅಲ್ಲಿ ಓದಲು ಬಾರದವರು ಮಕ್ಕಳು ಮಾತ್ರ. ಅದೇ ನನ್ನ ಉಪಾಯ. ನೋಟ್‌ಬುಕ್ ನನ್ನ ಚೀಲದಲ್ಲಿತ್ತು. ನಿಮಗೆ ಶಾಲು ಹೊದಿಸುವಾಗ ಎದ್ದು ನಿಂತು ಓದಿಬಿಡಬೇಕು ಎಂದುಕೊಂಡಿದ್ದೆ.

ನಾನು ಏಳುವ ಮೊದಲೇ ಬದರಿನಾಥ್ ಮೈಕಿನಲ್ಲಿ ಕೂಗಿಬಿಟ್ಟರು. "ನಮ್ ಡಾಕ್ಟ್ರ ಬಗ್ಗೆ ಎರಡು ಮಾತಾಡೋಕೆ ಅವ್ರ ಸ್ವಂತ ತಂಗಿ ಥರ ಇರೋ ಚಂದ್ರಿಕಾ ಅವ್ರು ವೆಲ್ಲಿಂಗ್ಟನ್ನಿಂದ ಬಂದಿದಾರೆ! ಬರಬೇಕಮ್ಮ, ಬರಬೇಕು. ಜೋರಾಗಿ ಚಪ್ಪಾಳೆ!" ನನ್ನ ಸೇಡಿಗೆ ಅವರೇ ಮೆಟ್ಟಿಲು ಹಾಕಿಕೊಟ್ಟರು. ನೀವು ಮೈಸೂರು ಪೇಟ, ಹಾರ, ಹಣ್ಣಿನ ಬುಟ್ಟಿ ಹಿಡಿದು ಕೂತಿದ್ದಿರಿ. ನನ್ನ ಕೈಯಲ್ಲಿ ನೀಲಿ ರಟ್ಟು ಕಂಡದ್ದೇ ನಿಮ್ಮ ಮುಖದ ರಕ್ತ ಇಳಿದುಹೋಯಿತು. ದೇವರಾಣೆ, ಏಳು ತಿಂಗಳಲ್ಲಿ ನನಗೆ ಸಿಕ್ಕ ಸುಖ ಅದೊಂದೇ.

ಪುಟ ತೆಗೆದೆ. "ಇದು ಡಾಕ್ಟರು ನನಗೆ ಬರೆದದ್ದು" ಎಂದೆ. ಎಲ್ಲರೂ ಅಭಿಮಾನದಿಂದ ನಕ್ಕರು. ಓದಬೇಕೆಂದು ತಲೆ ಬಗ್ಗಿಸಿದರೆ, ನನ್ನ ಎಡಗೈಯ ಅಂಗೈ ಕೆಳಗಿನ ಅರ್ಧವನ್ನು ಮುಚ್ಚಿಕೊಂಡಿತ್ತು. ನಾನು ಇಟ್ಟದ್ದಲ್ಲ, ಅದಾಗಿಯೇ ಹೋಗಿ ಕೂತಿತ್ತು. ಆ ಕೈ ನೋಡಿ ನನಗೆ ಹೇಸಿಗೆಯಾಯಿತು. ಕೈ ತೆಗೆದು ಪೂರ್ತಿ ಓದುವ ಧೈರ್ಯ ನನಗಿರಲಿಲ್ಲ, ಅರ್ಧ ಓದುವ ಮುಖವೂ ಇರಲಿಲ್ಲ. "ಡಾಕ್ಟರು ಏನೆಂದು ನನಗೆ ಚೆನ್ನಾಗಿ ಗೊತ್ತು" ಎಂದಷ್ಟೇ ಹೇಳಿ ಇಳಿದುಬಂದೆ. ಅದಕ್ಕೂ ಚಪ್ಪಾಳೆ ಹೊಡೆದರು.

ನಿಮ್ಮ ಮೇಲಿನ ಕರುಣೆಯಿಂದ ಇಳಿದೆ ಎಂದು ಮಾತ್ರ ತಿಳಿಯಬೇಡಿ.

ಚಂದ್ರಿಕಾ

*

ಆಕ್ಲೆಂಡ್
12 ನವೆಂಬರ್ 2014

ಪ್ರಿಯ ಚಂದ್ರಿಕಾ,

ನೀನು ಏನೇ ಬರೆ, ನಾನು ನಂಬುವುದಿಲ್ಲ. ಬಾಯಿ ತುದಿಗೆ ಬಂದದ್ದನ್ನು ನುಂಗಿಕೊಂಡೆ. ನನ್ನ ಮಾನ ಉಳಿಸಿದೆ. ರಕ್ತ ಹಂಚಿಕೊಂಡವರೂ ಇಷ್ಟು ಮಾಡುವುದಿಲ್ಲ. ಕೈಮುಗಿದು ಥ್ಯಾಂಕ್ಸ್ ಹೇಳುತ್ತೇನೆ.

ಮಾರನೇ ದಿನ ಏವನ್‌ಡೇಲಿನ ಭಾನುವಾರದ ಸಂತೆಯಲ್ಲಿ ವಿಜಯಶ್ರೀ ನಿನ್ನನ್ನು ನೋಡಿದಳಂತೆ. ಸೊಪ್ಪಿನ ಅಂಗಡಿಯ ಮುಂದೆ ನಿಂತಿದ್ದೆಯಂತೆ, ಎರಡು ಸಲ ಕೂಗಿದರೂ ತಿರುಗಲಿಲ್ಲವಂತೆ. ಅವಳಿಗೆ ಬೇಜಾರಾಯಿತು. ಆ ಪುಟದಲ್ಲಿ ಏನಿದೆ ಎಂದು ಅವಳಿಗೆ ನಾನು ಹೇಳಿಲ್ಲ. ಹೇಳುವ ಅಗತ್ಯವಾದರೂ ಏನು? ಈಗ ಗೊತ್ತಿರುವುದು ನಮ್ಮಿಬ್ಬರಿಗೆ ಮಾತ್ರ, ಇಬ್ಬರೂ ಬಾಯಿ ಬಿಡುವುದಿಲ್ಲ. ಒಂದೇ ದೋಣಿಯಲ್ಲಿದ್ದೇವೆ ನಾವು. ಇದಕ್ಕಿಂತ ಗಟ್ಟಿಯಾದ ಸಂಬಂಧ ಬೇರೆ ಯಾವುದಿದೆ ಹೇಳು?

ನೋಟ್‌ಬುಕ್ ಸುಟ್ಟ ಮೇಲೆ ತಿಳಿಸು.

ನಿನ್ನ ಅಣ್ಣ,
ಶ್ರೀಪಾದ

*

ಲೋವರ್ ಹಟ್
7 ಡಿಸೆಂಬರ್ 2014

ಶ್ರೀಪಾದ ಅವರಿಗೆ,

ನಿಮ್ಮ ಥ್ಯಾಂಕ್ಸ್ ಬಂದ ದಿನ ಸಿಂಕಿನ ಮುಂದೆ ನಿಂತು ಮೂರು ಸಲ ಕೈ ತೊಳೆದೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಮ್ಮಿಬ್ಬರದು ಗಟ್ಟಿಯಾದ ಸಂಬಂಧ ಎಂದಿರಲ್ಲ, ಅದನ್ನು ಮಾತ್ರ ತಡೆಯಲಾಗಲಿಲ್ಲ. ಮುನ್ನೂರು ಜನರ ಮುಂದೆ ಓದುವ ಚಪಲ ಯಾಕಿತ್ತು ನನಗೆ? ಆ ಪುಟ ಬರೆದದ್ದು ಒಬ್ಬನ ವಿಷಯ. ಓದಬೇಕಾದದ್ದು ಅವನೊಬ್ಬನ ಮುಂದೆ.

ಕಳೆದ ಭಾನುವಾರ ಮಧ್ಯಾಹ್ನ ನೆದಿಮ್ ಮನೆಗೆ ಹೋದೆ. ಸೆಲ್ಮಾ ಕಾಫಿ ಮಾಡಿದಳು, ತಾಮ್ರದ ಪುಟ್ಟ ಪಾತ್ರೆಯಲ್ಲಿ, ಅವರ ಊರಿನಂತೆ. ನೋಟ್‌ಬುಕ್ ಮೇಜಿನ ಮೇಲಿಟ್ಟು ಎಲ್ಲ ಹೇಳಿದೆ. ಇದರಲ್ಲಿ ನಿನ್ನ ಕಾಲಿನ ನಿಜ ಇದೆ, ಡಾಕ್ಟರು ಬರೆದದ್ದಿದೆ, ನಾನು ಬರೆದದ್ದೂ ಇದೆ ಎಂದೆ. ಅವನು ಸಿಟ್ಟಾಗಲಿಲ್ಲ. "ಮೊದಲು ನಿಮ್ಮ ಭಾಷೆಯಲ್ಲೇ ಓದು" ಎಂದ. ಯಾಕೆಂದು ಕೇಳಿದೆ. "ನನ್ನ ಕಾಲಿನ ಮೇಲೆ ಬಗ್ಗಿ ನೀವಿಬ್ಬರೂ ಮಾತಾಡುತ್ತಿದ್ದ ಭಾಷೆ. ಅರ್ಥವಾಗುತ್ತಿರಲಿಲ್ಲ, ಆದರೆ ಕೇಳುತ್ತ ಕೇಳುತ್ತ ನನಗೆ ನಿದ್ದೆ ಬರುತ್ತಿತ್ತು. ಮನೆಯವರು ಮಾತಾಡಿದ ಹಾಗೆ ಇರುತ್ತಿತ್ತು" ಎಂದ.

ಓದಿದೆ. ಮೊದಲು ನಿಮ್ಮದು, ಆಮೇಲೆ ನನ್ನದು. "ಆತ್ರಿ. ಟೇಪ್ ಬಿಗಿಯಾಗಿ ಸುತ್ತತೀನಿ. ಸ್ಕ್ಯಾನಿನ ಮಾತು ಅವನ ಕಿವಿಗೆ ಬೀಳೂದು ಬ್ಯಾಡ. ಗೊತ್ತಾದ್ರ ಅವ ಆಡಾಂಗಿಲ್ಲ." ನಂತರ ಒಂದೊಂದೇ ಸಾಲು ಇಂಗ್ಲಿಷಿನಲ್ಲಿ ಹೇಳಿದೆ. ನಿಮ್ಮ ಸಾಲುಗಳಿಗೆ ತಲೆ ಆಡಿಸಿದ, ಅದರ ಬಗ್ಗೆ ಅವನಿಗೆ ಮೊದಲೇ ಅನುಮಾನವಿತ್ತೇನೋ. ನನ್ನದನ್ನು ಇನ್ನೊಮ್ಮೆ ಹೇಳು ಎಂದ. ಹೇಳಿದೆ. ಮತ್ತೊಮ್ಮೆ ಎಂದ. ಮೂರನೇ ಸಲ ಹೇಳುವಾಗ ಸೆಲ್ಮಾ ಬಂದು ನನ್ನ ಮುಂದಿನ ಕಾಫಿ ಬಟ್ಟಲನ್ನು ಎತ್ತಿಕೊಂಡು ಒಳಗೆ ಹೋದಳು. ನಾನಿನ್ನೂ ಅರ್ಧವಷ್ಟೇ ಕುಡಿದಿದ್ದೆ.

ಕ್ಷಮಿಸು ಎಂದೆ. ಡಾಕ್ಟರನ್ನು ಬಿಡಬೇಡ, ದೂರು ಕೊಡು, ನಾನು ಸಾಕ್ಷಿ ಹೇಳುತ್ತೇನೆ, ಅವನ ಪ್ರವಾಸ, ಅವನ ಸನ್ಮಾನ ಎಲ್ಲ ಮಣ್ಣುಪಾಲಾಗಲಿ ಎಂದೆ. ಒಂದೇ ಉಸಿರಿಗೆ ಏನೇನೋ ಅಂದೆ. ಅವನು ಮುಗಿಯುವವರೆಗೆ ಕೇಳಿದ. ಆಮೇಲೆ ಮೊಣಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಆವತ್ತು ನಿನ್ನ ಕೆಲಸಕ್ಕೆ ಇದು ಬೇಕಿತ್ತು. ಇವತ್ತು ನಿನ್ನ ಸೇಡಿಗೆ ಇದು ಬೇಕಾಗಿದೆ. ಎರಡು ಸಲವೂ ನನ್ನನ್ನು ಯಾರೂ ಕೇಳಲಿಲ್ಲ" ಎಂದ. ನನಗೆ ಭೂಮಿ ಬಾಯಿ ಬಿಟ್ಟರೆ ಸಾಕೆನಿಸಿತು. ಸೆಲ್ಮಾ ಬಾಗಿಲು ತೆರೆದು ಹಿಡಿದು ನಿಂತಿದ್ದಳು. ಹೊರಗೆ ಬಂದೆ.

ಮಂಗಳವಾರ ಅವನೇ ಫೋನು ಮಾಡಿದ. ಬಾ, ಪೆನ್ನು ತಾ ಎಂದ. ಇಂಗ್ಲಿಷ್ ಮಾತಾಡುತ್ತಾನೆ, ಬರೆಯಲು ಅವನಿಗೆ ಕಷ್ಟ. ನಾನು ಹೇಳಿದ್ದನ್ನು ಹೇಳಿದ ಹಾಗೇ ಬರೆ, ನಿನ್ನದೊಂದು ಮಾತೂ ಸೇರಬಾರದು ಎಂದು ಮೊದಲೇ ತಾಕೀತು ಮಾಡಿದ. ಎರಡು ದೂರು ಬರೆಸಿದ. ಒಂದೊಂದಕ್ಕೂ ಆ ಪುಟದ ಝೆರಾಕ್ಸ್, ಪೂರ್ತಿ ಪುಟದ್ದು. ಝೆರಾಕ್ಸ್ ಅವನೇ ಹೋಗಿ ತೆಗೆಸಿಕೊಂಡು ಬಂದ, ಕುಂಟುತ್ತ, ನನ್ನ ಕೈಗೆ ಕೊಡಲಿಲ್ಲ. ನೋಟ್‌ಬುಕ್ಕನ್ನೂ ಅವನೇ ಇಟ್ಟುಕೊಂಡ. ಸುಟ್ಟೆ ಎಂದು ನಿಮಗೆ ಒಂದು ಸಾಲು ಬರೆಯುವ ಭಾಗ್ಯ ನನಗಿಲ್ಲ.

ಶುಕ್ರವಾರ ಎರಡೂ ಲಕೋಟೆ ಪೋಸ್ಟಾದವು. ಕಿರಿಯರ ತಂಡದವರಿಗೂ ಒಂದು ಪ್ರತಿ ಹೋಗಿದೆ. ನಿಮಗೆ ಇದು ತಲುಪುವ ಹೊತ್ತಿಗೆ ಅವರ ಫೋನು ಬಂದಿರುತ್ತದೆ. ಆ ಫೋನು ಎತ್ತುವಾಗ ನಿಮ್ಮ ಮುಖ ಹೇಗಿರುತ್ತದೆಂದು ಕಲ್ಪಿಸಿಕೊಂಡೆ. ಸುಳ್ಳು ಯಾಕೆ ಹೇಳಲಿ, ಹಾಲು ಕುಡಿದಷ್ಟು ಸಂತೋಷವಾಯಿತು. ಆ ಸಂತೋಷ ಬಹಳ ಹೊತ್ತು ಇರಲಿಲ್ಲ.

ದೂರು ಬರೆಯಲು ಕೂತಾಗ ಮೊದಲು ಡಾಕ್ಟರದ್ದು ಬರೆಯೋಣವೇ ಎಂದು ಕೇಳಿದ್ದೆ. ನೆದಿಮ್ ಬೇಡವೆಂದ. "ಅವನು ನನಗೆ ಡಾಕ್ಟರ್ ಆಗಿದ್ದ, ಅಷ್ಟೇ" ಎಂದು, ಖಾಲಿ ಹಾಳೆಯನ್ನು ನನ್ನ ಕಡೆ ಸರಿಸಿ, "ಮೇಲೆ ನಿನ್ನ ಹೆಸರು ಬರೆ" ಎಂದ.

ಬರೆದೆ.

ಚಂದ್ರಿಕಾ